ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್ನಲ್ಲಿ ಮಲ್ಟಿಕ್ಯಾಮ್ ಸಿಂಕ್: ಒಂದು ಸೀಸನ್ ಯಕ್ಷಗಾನ ಆಟ ಎಡಿಟ್ ಮಾಡಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ದೊಡ್ಡ ಎಡಿಟರ್ ಏನಲ್ಲ. ಹೊಸನಗರ ಕಡೆಯವನು, ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಕ್ಯಾಮೆರಾ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಹೊಟ್ಟೆಪಾಡಿಗೆ, ಯಕ್ಷಗಾನ ಮಾತ್ರ ಹುಚ್ಚಿಗೆ. ದೀಪಾವಳಿ ಕಳೆದು ಮೇಳಗಳು ಹೊರಟ್ವು ಅಂದ್ರೆ ಮಳೆ ಹಿಡಿಯೋ ತನಕ ಹೊಸನಗರ, ತೀರ್ಥಹಳ್ಳಿ, ಸಾಗರ, ರಿಪ್ಪನ್‌ಪೇಟೆ ಸುತ್ತ ಎಲ್ಲಿ ಆಟ ಇದ್ರೂ ನಮ್ಮ ಭಾವನ ಓಮ್ನಿಲಿ ಟ್ರೈಪಾಡ್ ಹಾಕ್ಕೊಂಡು ಹೊರಡೋದು, ಬೆಳಗಾಗೋ ಹೊತ್ತಿಗೆ ಕಣ್ಣು ಕೆಂಪು ಮಾಡ್ಕೊಂಡು ವಾಪಸ್ ಬರೋದು. ರೆಕಾರ್ಡ್ ಮಾಡೋದು ಕಷ್ಟ ಅಲ್ಲ ಮಾರಾಯ್ರೆ, ಆಮೇಲೆ ನಾಲ್ಕು ಕ್ಯಾಮೆರಾದ ಫೈಲ್ ತಂದು ಒಂದಕ್ಕೊಂದು ಕೂರಿಸೋದಿದೆಯಲ್ಲ, ಅದು ಪ್ರಾಣ ತಿನ್ನೋದು. ಸಿಂಕ್ ಅನ್ನೋದು ಅದಕ್ಕೇ, ಈ ರಿವ್ಯೂ ಆ ಕೂರಿಸೋ ಕೆಲಸದ ಬಗ್ಗೆ ಮಾತ್ರ. ಡಾವಿಂಚಿ ರಿಸಾಲ್ವ್ ಅನ್ನೋ ಈ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಕಲರ್ ಹೆಂಗೆ, ಟೈಟಲ್ ಹೆಂಗೆ ಅನ್ನೋದಕ್ಕೆಲ್ಲ ಸಾವಿರ ವಿಡಿಯೋ ಇದಾವೆ, ನೋಡ್ಕೊಳ್ಳಿ.

ಮುಂಚೆ ನಾವು ಎಂತ ಮಾಡ್ತಿದ್ವಿ ಅಂದ್ರೆ ಚಪ್ಪಾಳೆ. ಭಾವ ರಂಗಸ್ಥಳದ ಹತ್ರ ನಿಂತು ಒಂದು ಚಪ್ಪಾಳೆ ತಟ್ಟೋದು, ಎಲ್ಲಾ ಕ್ಯಾಮೆರಾ ಅದನ್ನ ಹಿಡಿಯೋದು, ಆಮೇಲೆ ಟೈಮ್‌ಲೈನಲ್ಲಿ ಆ ಚೂಪು ಗೆರೆ ಹುಡುಕಿ ಒಂದರ ಕೆಳಗೆ ಒಂದು ಇಡೋದು. ಒಂದು ಚಪ್ಪಾಳೆಗೆ ಒಂದೇ ಸಿಂಕು. ಮಧ್ಯ ಯಾವುದೋ ಒಂದು ಕ್ಯಾಮೆರಾ ನಿಂತು ಮತ್ತೆ ಶುರುವಾಯ್ತು ಅಂದ್ರೆ ಆಟದ ಮಧ್ಯ ಹೋಗಿ ಚಪ್ಪಾಳೆ ತಟ್ಟೋಕಾಗತ್ತಾ? ಭಾವ ಒಂದ್ಸಲ ತಟ್ಟಿದ್ದ, ಸುತ್ತ ಕೂತಿದ್ದವರು ಪದ್ಯ ಮುಗೀತು ಅಂತ ತಾವೂ ತಟ್ಟಿಬಿಟ್ರು. ಹಳೇ ಎಡಿಟರ್‌ಗಳಿಗೆಲ್ಲ ಪ್ಲೂರಲ್‌ಐಸ್ ಅಂತ ಒಂದು ಸಾಫ್ಟ್‌ವೇರ್ ನೆನಪಿರತ್ತೆ, ಶಬ್ದ ಕೇಳಿ ಕ್ಲಿಪ್ಪುಗಳನ್ನ ತಾನೇ ಜೋಡಿಸೋದು, ಅದಕ್ಕೇ ಬೇರೆ ದುಡ್ಡು ಕೊಡಬೇಕಿತ್ತು. ಸಿಂಗ್ಯುಲರ್ ಸಾಫ್ಟ್‌ವೇರ್‌ನವರು ಮಾಡಿದ್ದು, 2012ರಲ್ಲಿ ರೆಡ್ ಜೈಂಟ್ ತಗೊಂಡ್ರು, ಆಮೇಲೆ ಅದೂ ಮ್ಯಾಕ್ಸಾನ್ ಜೊತೆ ಸೇರಿಕೊಳ್ತು. ಎಡಿಟಿಂಗ್ ಸಾಫ್ಟ್‌ವೇರ್ ಒಳಗೇ ಆ ಕೆಲಸ ಬಂದ ಮೇಲೆ ಅದನ್ನ ಕೇಳೋರು ಕಮ್ಮಿ ಆದ್ರು. ಮಲ್ಟಿಕ್ಯಾಮ್, ಅಂದ್ರೆ ಹಲವು ಕ್ಯಾಮೆರಾದ್ದನ್ನ ಒಟ್ಟಿಗೆ ಇಟ್ಟು ಕಟ್ ಮಾಡೋದು, ಫೈನಲ್ ಕಟ್ ಪ್ರೋಗೆ 2012ರಲ್ಲೇ ಬಂತು, ಪ್ರೀಮಿಯರ್‌ಗೂ ಬಂತು, ರಿಸಾಲ್ವ್‌ಗೆ ಮಲ್ಟಿಕ್ಯಾಮ್ ಬಂದಿದ್ದು 2015ರಲ್ಲಿ, 12ನೇ ವರ್ಷನ್ನಲ್ಲಿ. ನಮಗೆ ಗೊತ್ತಾಗೋ ಹೊತ್ತಿಗೆ ಇನ್ನೂ ಸುಮಾರು ವರ್ಷ ಆಗಿತ್ತು ಅನ್ನಿ, ಅದು ಬೇರೆ ಮಾತು.

ಮುಖ್ಯ ವಿಷಯ ದುಡ್ಡು. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ಇದನ್ನ ಫ್ರೀಯಾಗಿ ಕೊಡತ್ತೆ, ಮೇಲೆ ವಾಟರ್‌ಮಾರ್ಕ್ ಹಾಕಲ್ಲ, ತಿಂಗಳ ಬಾಡಿಗೆ ಇಲ್ಲ, ಮಲ್ಟಿಕ್ಯಾಮ್ ಮತ್ತು ಸಿಂಕ್ ಎರಡೂ ಫ್ರೀ ವರ್ಷನ್ನಲ್ಲೇ ಪೂರ್ತಿ ಇದೆ. ಸ್ಟುಡಿಯೋ ಅಂತ ದುಡ್ಡಿಂದು ಬೇರೆ ಇದೆ, 295 ಡಾಲರ್, ಒಂದೇ ಸಲ ಕಟ್ಟೋದು. ನಾನು ಇನ್ನೂ ತಗೊಂಡಿಲ್ಲ, ಅಡಿಕೆ ರೇಟ್ ನೋಡ್ತಾ ಇದ್ದೀನಿ.

ಈಗ ನಮ್ಮ ಸೆಟಪ್ ಹೇಳ್ತೀನಿ, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. ಕಳೆದ ಸೀಸನ್ನಲ್ಲಿ ರಿಪ್ಪನ್‌ಪೇಟೆ ಹತ್ರ ಒಂದು ಹರಕೆ ಆಟ, ಗದ್ದೆ ಬಯಲಲ್ಲಿ, ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ನಾಲ್ಕೂವರೆ ತನಕ. ಒಂದನೇ ಕ್ಯಾಮೆರಾ ರಂಗಸ್ಥಳದ ಎದುರಿಗೆ ಆರು ಮೀಟರಲ್ಲಿ, 256 ಜಿಬಿ ಕಾರ್ಡು, ಪವರ್‌ ಬ್ಯಾಂಕು, ಒತ್ತಿಬಿಟ್ರೆ ಬೆಳಗಿನ ತನಕ ಒಂದೇ ಓಟ. ಎರಡನೇದು ಎಡಗಡೆ, ನನ್ನ ಹಳೇ ಡಿಎಸ್ಎಲ್‌ಆರ್, ಮುಖ ಮತ್ತೆ ಕೈ ಹಿಡಿಯೋಕೆ. ಮೂರನೇದು ಜನರ ಹಿಂದೆ, ಅಡಿಕೆ ಮರ ಕಟ್ಟಿ ಮಾಡಿದ ಅಟ್ಟಣಿಗೆ ಮೇಲೆ, ರಂಗಸ್ಥಳದಿಂದ ಸುಮಾರು ನಲವತ್ತು ಮೀಟರು, ಪಕ್ಕದಲ್ಲೇ ಮಿರ್ಚಿ ಮಂಡಕ್ಕಿ ಗಾಡಿ, ಅದರ ಆಡಿಯೋ ಪೂರ್ತಿ ಎಣ್ಣೆ ಚುಂಯ್ ಅನ್ನೋ ಸದ್ದು ಮತ್ತೆ "ಇನ್ನೊಂದು ಪ್ಲೇಟ್ ಕೊಡಿ" ಅನ್ನೋ ಗಲಾಟೆ. ನಾಲ್ಕನೇದು ಭಾವನ ಮೊಬೈಲು, ಚೌಕಿಲಿ ಬಣ್ಣ ಹಚ್ಚೋದು, ಪರದೆ ಪಕ್ಕ ನಿಂತು ಚಂಡೆ ಮದ್ದಲೆ ಕೈ ತೋರ್ಸೋದು. ಇದಲ್ಲದೆ ಮೈಕ್‌ನವರ ಮಿಕ್ಸರ್‌ನಿಂದ ಲೈನ್ ತಗೊಂಡು ಒಂದು ಸಣ್ಣ ರೆಕಾರ್ಡರ್, 48 ಕಿಲೋಹರ್ಟ್ಸ್, 24 ಬಿಟ್. ಭಾಗವತರ ದನಿ ನೀಟಾಗಿ ಸಿಗೋದು ಇದರಲ್ಲಿ ಮಾತ್ರ.

ಸಿಂಕ್ ಮಾಡೋದು ನಿಜವಾಗ್ಲೂ ಸುಲಭ. ಮೀಡಿಯಾ ಪೂಲಲ್ಲಿ ಎಲ್ಲಾ ಕ್ಲಿಪ್ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್, ಕ್ರಿಯೇಟ್ ನ್ಯೂ ಮಲ್ಟಿಕ್ಯಾಮ್ ಕ್ಲಿಪ್ ಅಂತ ಬರತ್ತೆ, ಅದನ್ನ ಒತ್ತಿದ್ರೆ ಒಂದು ಸಣ್ಣ ಪೆಟ್ಟಿಗೆ ತೆರೆಯತ್ತೆ, ಅದರಲ್ಲಿ ಆಂಗಲ್ ಸಿಂಕ್ ಅನ್ನೋ ಕಡೆ ಇನ್, ಔಟ್, ಟೈಮ್‌ಕೋಡ್, ಸೌಂಡ್, ಮಾರ್ಕರ್ ಅಂತ ಐದು ದಾರಿ. ನಮ್ಮಂಥವರಿಗೆ ಸೌಂಡೇ ಗತಿ. ಅದನ್ನ ಆರಿಸಿ ಕ್ರಿಯೇಟ್ ಕೊಟ್ಟು ನಾನು ಒಳಗೆ ಹೋಗಿ ಕಷಾಯ ಮಾಡ್ಕೊಂಡು ಬಂದೆ, ಬರೋ ಹೊತ್ತಿಗೆ ಕೂತಿತ್ತು. ಮಿರ್ಚಿ ಗಾಡಿ ಸದ್ದಿನ ಮಧ್ಯದಿಂದ ಭಾಗವತರ ಪದ್ಯ ಹುಡುಕಿ ತೆಗೆದು ಮಿಕ್ಸರ್ ಲೈನಿಗೆ ಹೊಂದಿಸಿದೆ ಅಂದ್ರೆ ನನಗೆ ಆಶ್ಚರ್ಯನೇ. ನಾನು ಕೈಯಲ್ಲಿ ಮಾಡಿದ್ರೆ ಎರಡು ದಿನದ ಕೆಲಸ. ಒಂದು ಮಾತು, ಕ್ಯಾಮೆರಾದ ಮೈಕು ಎಷ್ಟೇ ಕೆಟ್ಟದಿರ್ಲಿ, ಆನ್ ಇರ್ಲೇಬೇಕು. ಆ ಆಡಿಯೋನ ಯಾರೂ ಕೇಳಲ್ಲ, ಆದ್ರೆ ಸಾಫ್ಟ್‌ವೇರಿಗೆ ಹಿಡ್ಕೊಳ್ಳೋಕೆ ಅದೊಂದೇ ದಾರ.

ಹಳೇ ಡಿಎಸ್ಎಲ್‌ಆರ್ ಕಥೆ ಕೇಳಿ. ಅದು 4 ಜಿಬಿ ಆಗ್ತಿದ್ದ ಹಾಗೆ ನಿಂತುಬಿಡತ್ತೆ, ಕಾರ್ಡಿನ ಫ್ಯಾಟ್32 ಫಾರ್ಮ್ಯಾಟಲ್ಲಿ ಒಂದು ಫೈಲು ಅದಕ್ಕಿಂತ ದೊಡ್ಡದಾಗೋ ಹಾಗಿಲ್ಲ, ಅಂದ್ರೆ ಸುಮಾರು ಹನ್ನೆರಡು ನಿಮಿಷಕ್ಕೊಂದ್ಸಲ ನಾನು ಮತ್ತೆ ಒತ್ತಬೇಕು, ನಿದ್ದೆ ಬಂದ್ರೆ ಮುಗೀತು. ಆವತ್ತು ಮೂವತ್ತೊಂದು ಫೈಲು ಬಂತು. ಸುಮ್ನೆ ಎಲ್ಲ ಸೆಲೆಕ್ಟ್ ಮಾಡಿ ಸಿಂಕ್ ಕೊಟ್ರೆ ಮೂವತ್ತೊಂದೂ ಬೇರೆ ಬೇರೆ ಕ್ಯಾಮೆರಾ ಅನ್ನೋ ಥರ ಮೂವತ್ತೊಂದು ಆಂಗಲ್ ಸಾಲಾಗಿ ನಿಂತ್ಕೊಳ್ಳತ್ತೆ, ಮೊದಲ ಸಲ ನೋಡಿದಾಗ ರೇಷನ್ ಅಂಗಡಿ ಕ್ಯೂ ನೆನಪಾಯ್ತು. ಅದಕ್ಕೆ ಮೊದಲೇ ಮೆಟಾಡೇಟಾ ಪ್ಯಾನೆಲ್ಲಿಗೆ ಹೋಗಿ ಈ ಮೂವತ್ತೊಂದಕ್ಕೂ ಒಟ್ಟಿಗೆ ಕ್ಯಾಮೆರಾ ನಂಬರ್ 2 ಅಂತ ಬರೆದಿಡಿ, ಎದುರಿಂದಕ್ಕೆ 1, ಹಿಂದಿಂದಕ್ಕೆ 3, ಆಮೇಲೆ ಸಿಂಕ್ ಪೆಟ್ಟಿಗೆಲಿ ಡಿಟೆಕ್ಟ್ ಕ್ಲಿಪ್ಸ್ ಫ್ರಮ್ ಸೇಮ್ ಕ್ಯಾಮೆರಾ ಆನ್ ಮಾಡಿ. ಆಗ ಮೂವತ್ತೊಂದೂ ಒಂದೇ ಸಾಲಲ್ಲಿ, ಮಧ್ಯ ನಾನು ತೂಕಡಿಸಿದ ಕಡೆಯೆಲ್ಲ ಖಾಲಿ ಬಿಟ್ಟು ಕೂತ್ಕೊಳ್ಳತ್ತೆ. ಆ ಖಾಲಿ ಜಾಗ ನೋಡಿ ಭಾವ ನನ್ನ ನಿದ್ದೆ ಲೆಕ್ಕ ಹಾಕಿದ, ಒಟ್ಟು ನಲವತ್ತು ನಿಮಿಷ ಅಂತೆ.

ಇಲ್ಲಿವರೆಗೂ ಬರೀ ಹೊಗಳಿಕೆ ಆಯ್ತು. ನಾನೂ ಹಂಗೇ ಅಂದ್ಕೊಂಡು ಪೂರ್ತಿ ಆಟ ಎಡಿಟ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಮನೆ ಟಿವಿಗೆ ಚುಚ್ಚಿ ಅಪ್ಪಯ್ಯನಿಗೆ ತೋರಿಸಿದೆ. ಅಪ್ಪಯ್ಯ ಹಿಂದೆ ಊರಿನ ತಾಳಮದ್ದಲೆ ಕೂಟದಲ್ಲಿ ಮದ್ದಲೆ ಬಾರಿಸ್ತಿದ್ದೋರು, ಈಗ ಬೆರಳು ನೋವು ಅಂತ ಬಿಟ್ಟಿದಾರೆ, ಆದ್ರೆ ಕುರ್ಚಿ ಕೈ ಮೇಲೆ ಬೆರಳು ಆಡೋದು ನಿಂತಿಲ್ಲ. ಸುಮಾರು ಹೊತ್ತು ಸುಮ್ನೆ ನೋಡಿದ್ರು. ಮುಂಡಾಸು ವೇಷ ಬಂದು ಮಂಡಿ ಹಾಕಿ ತಿರುಗೋ ಜಾಗಕ್ಕೆ ಬಂದಾಗ ಬೆರಳು ನಿಂತಿತು.

"ಎಂತದಾ ಇದು, ದೂರದಿಂದ ತೋರಿಸಿದಾಗೆಲ್ಲ ಇವನು ತಾಳಕ್ಕಿಂತ ಮುಂದೆ ಹೋಗ್ತಾನಲ್ಲ. ಹತ್ರ ತೋರಿಸಿದಾಗ ಸರಿ ಇದಾನೆ."

ನಾನು "ಇಲ್ಲ ಅಪ್ಪಯ್ಯ, ಕಂಪ್ಯೂಟರೇ ಹೊಂದಿಸಿದ್ದು, ತಪ್ಪೋಕೆ ಚಾನ್ಸೇ ಇಲ್ಲ" ಅಂದೆ.

"ಹಂಗಾದ್ರೆ ಕಂಪ್ಯೂಟರಿಗೆ ತಾಳ ಬರಲ್ಲ" ಅಂದು ಎದ್ದು ಹೋದ್ರು.

ಕೋಪ ಬಂತು, ಸುಳ್ಳು ಯಾಕೆ ಹೇಳ್ಲಿ. ರಾತ್ರಿ ಕೂತು ಒಂದೊಂದೇ ಫ್ರೇಮ್ ಸರಿಸಿ ನೋಡ್ದೆ. ಕಾಲು ನೆಲಕ್ಕೆ ಬೀಳೋದು, ಚಂಡೆ ಪೆಟ್ಟಿನ ಗೆರೆ, ಎರಡನ್ನೂ ಪಕ್ಕ ಪಕ್ಕ ಇಟ್ಟು. ಎದುರಿನ ಕ್ಯಾಮೆರಾದಲ್ಲಿ ಎರಡೂ ಒಂದೇ ಫ್ರೇಮಲ್ಲಿ. ಹಿಂದಿನ ಕ್ಯಾಮೆರಾದಲ್ಲಿ ಕಾಲು ಮೊದಲು ಬಿತ್ತು, ಪೆಟ್ಟು ಮೂರು ಫ್ರೇಮ್ ಆಮೇಲೆ. ಇಡೀ ರಾತ್ರಿ ಅದೇ ಮೂರು ಫ್ರೇಮು, ಎಲ್ಲಿ ನೋಡಿದ್ರೂ.

ಆಮೇಲೆ ಹೊಳೀತು, ಇದು ಸಾಫ್ಟ್‌ವೇರ್ ತಪ್ಪೇ ಅಲ್ಲ, ಗದ್ದೆ ಉದ್ದದ ತಪ್ಪು. ಶಬ್ದ ಗಾಳಿಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತ್ತೆ, ಬೆಳಕಿಗೆ ಇಷ್ಟು ದೂರ ಲೆಕ್ಕವೇ ಅಲ್ಲ. ನಲವತ್ತು ಮೀಟರ್ ದೂರದ ಅಟ್ಟಣಿಗೆಗೆ ಚಿತ್ರ ಆಗಿಂದಾಗ್ಲೇ ಬಂತು, ಚಂಡೆ ಸದ್ದು ಮಾತ್ರ ಒಂದು ಸೆಕೆಂಡಿನ ಎಂಟೂವರೆ ಭಾಗದಲ್ಲಿ ಒಂದು ಭಾಗದಷ್ಟು ತಡ ಆಗಿ ಬಂತು. ಸೆಕೆಂಡಿಗೆ 25 ಫ್ರೇಮಲ್ಲಿ ಶೂಟ್ ಮಾಡಿದ್ರೆ ಅದು ಹತ್ರ ಹತ್ರ ಮೂರು ಫ್ರೇಮು. ಮಳೆಗಾಲದಲ್ಲಿ ಮಿಂಚು ಮೊದಲು ಗುಡುಗು ಆಮೇಲೆ ಬರೋದು ಆಗುಂಬೆ ಕಡೆ ಮಗುವಿಗೂ ಗೊತ್ತು, ನನಗೆ ಎಡಿಟ್ ಮಾಡುವಾಗ ಮಾತ್ರ ನೆನಪಿಗೆ ಬರ್ಲಿಲ್ಲ. ರಿಸಾಲ್ವ್ ಎಂತ ಮಾಡ್ತು ಅಂದ್ರೆ ನಾನು ಹೇಳಿದ್ದನ್ನೇ ಮಾಡ್ತು, ಶಬ್ದಕ್ಕೆ ಶಬ್ದ ಹೊಂದಿಸ್ತು, ತಡ ಆಗಿ ಬಂದ ಸದ್ದನ್ನ ಎಳೆದು ಮಿಕ್ಸರ್ ಸದ್ದಿನ ಕೆಳಗೆ ತಂದಿಟ್ಟಿತು, ಅದರ ಜೊತೆ ಅಂಟಿಕೊಂಡಿದ್ದ ಚಿತ್ರನೂ ಮೂರು ಫ್ರೇಮ್ ಹಿಂದಕ್ಕೆ ಬಂತು. ಸೌಂಡ್ ಸಿಂಕ್ ಅಂದ್ರೆ ಸೌಂಡ್ ಸಿಂಕೇ, ಚಿತ್ರದ ಸಿಂಕ್ ಅಲ್ಲ. ಪ್ರೀಮಿಯರ್ ಆದ್ರೂ ಫೈನಲ್ ಕಟ್ ಆದ್ರೂ ಶಬ್ದ ನೋಡಿ ಕೂರಿಸೋದು ಯಾವುದಾದ್ರೂ ಇಲ್ಲಿ ಇದನ್ನೇ ಮಾಡತ್ತೆ. ಮದುವೆ ವಿಡಿಯೋದಲ್ಲಿ ಮೂರು ಫ್ರೇಮು ಯಾರ ಕಣ್ಣಿಗೂ ಬೀಳಲ್ಲ. ಕಾಲಿಗೆ ಗೆಜ್ಜೆ ಕಟ್ಟಿ ಚಂಡೆಗೆ ಕುಣಿಯೋರನ್ನ ತೋರ್ಸುವಾಗ ಬೀಳತ್ತೆ, ನಮ್ಮ ಅಪ್ಪಯ್ಯನಂಥವರ ಕಣ್ಣಿಗೆ ಖಂಡಿತ ಬೀಳತ್ತೆ.

ಸರಿ ಮಾಡೋದು ಎರಡು ನಿಮಿಷದ ಕೆಲಸ. ಮಲ್ಟಿಕ್ಯಾಮ್ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಇನ್ ಟೈಮ್‌ಲೈನ್ ಅಂದ್ರೆ ಒಂದೊಂದು ಆಂಗಲ್ಲೂ ಒಂದೊಂದು ಟ್ರ್ಯಾಕ್ ಥರ ಕಾಣತ್ತೆ, ಹಿಂದಿನ ಕ್ಯಾಮೆರಾದ ಕ್ಲಿಪ್ ಹಿಡಿದು ಕೀಬೋರ್ಡಲ್ಲಿ ಫುಲ್‌ಸ್ಟಾಪ್ ಒತ್ತಿದ್ರೆ ಒಂದು ಫ್ರೇಮ್ ಮುಂದೆ, ಕಾಮಾ ಒತ್ತಿದ್ರೆ ಒಂದು ಹಿಂದೆ. ಮೂರು ಸಲ ಫುಲ್‌ಸ್ಟಾಪ್. ನೀವು ಆಗಲೇ ಕಟ್ ಮಾಡಿ ಮುಗಿಸಿದ್ರೂ ಪರವಾಗಿಲ್ಲ, ಒಳಗೆ ಸರಿಸಿದ್ದು ಹೊರಗಿನ ಎಲ್ಲಾ ಕಟ್‌ಗೂ ಅನ್ವಯ ಆಗತ್ತೆ, ಇದು ಮಾತ್ರ ನನಗೆ ತುಂಬಾ ಇಷ್ಟ ಆಗಿದ್ದು, ಇಲ್ದಿದ್ರೆ ಆರೂವರೆ ಗಂಟೆಯದ್ದನ್ನ ಮತ್ತೆ ಎಡಿಟ್ ಮಾಡೋ ತಾಳ್ಮೆ ನನಗಿಲ್ಲ. ಆದ್ರೆ ಕಲರ್‌ಗೆ ಅಂತ ಫ್ಲ್ಯಾಟನ್ (ಮಲ್ಟಿಕ್ಯಾಮ್ ಬಿಚ್ಚಿ ಮಾಮೂಲಿ ಕ್ಲಿಪ್ ಮಾಡೋದು) ಮಾಡಿಬಿಟ್ಟಿದ್ರೆ ಈ ಸೌಲಭ್ಯ ಹೋಯ್ತು, ಅದಕ್ಕೆ ಫ್ಲ್ಯಾಟನ್ ಕೊನೆಗೆ.

ನನ್ನ ಲೆಕ್ಕ ಈಗ ಇಷ್ಟೇ, 25 ಫ್ರೇಮಿಗೆ ಹದಿನಾಲ್ಕು ಮೀಟರಿಗೆ ಒಂದು ಫ್ರೇಮು. ಆದ್ರೆ ಇಲ್ಲೂ ಒಂದು ಚಾಲಾಕಿತನ ಇದೆ. ದೂರ ಅಳೀಬೇಕಾದ್ದು ರಂಗಸ್ಥಳದಿಂದ ಅಲ್ಲ, ನಿಮ್ಮ ಕ್ಯಾಮೆರಾಗೆ ಜೋರಾಗಿ ಕೇಳೋ ಸ್ಪೀಕರಿಂದ. ಗದ್ದೆ ಆಟದಲ್ಲಿ ಸ್ಪೀಕರ್ ಎರಡೂ ರಂಗಸ್ಥಳದ ಪಕ್ಕನೇ ಇದ್ವು, ಅದಕ್ಕೆ ಪೂರ್ತಿ ನಲವತ್ತು ಮೀಟರು ಲೆಕ್ಕಕ್ಕೆ ಬಂತು. ಅದೇ ಸಾಗರದ ಹತ್ರ ಒಂದು ದೇವಸ್ಥಾನದ ಆಟದಲ್ಲಿ ಮೈಕ್‌ನವರು ಹಿಂದುಗಡೆ ಹಲಸಿನ ಮರಕ್ಕೂ ಒಂದು ಸ್ಪೀಕರ್ ಕಟ್ಟಿದ್ರು, ನಮ್ಮ ಹಿಂದಿನ ಕ್ಯಾಮೆರಾ ಆ ಮರದ ಬುಡದಲ್ಲೇ ಇತ್ತು. ವೈರಲ್ಲಿ ಸದ್ದು ಬರೋಕೆ ತಡ ಎಲ್ಲಿ. ನಾನು ಬುದ್ಧಿವಂತ ಅಂತ ಮೂರು ಫ್ರೇಮ್ ಸರಿಸಿದೆ, ಈ ಸಲ ಪೆಟ್ಟು ಮೊದಲು ಕಾಲು ಆಮೇಲೆ ಆಯ್ತು. ಅಪ್ಪಯ್ಯನಿಗೆ ತೋರ್ಸೋಕಿಂತ ಮುಂಚೆ ನಾನೇ ಕಂಡ್ಕೊಂಡೆ, ಪುಣ್ಯ.

ಇದೆಲ್ಲ ಬೇಡ ಅಂದ್ರೆ ಬೆಳಕಲ್ಲಿ ಸಿಂಕ್ ಮಾಡಬಹುದು. ಪೂರ್ವರಂಗ ನಡೀತಿರುವಾಗ ರಂಗಸ್ಥಳದ ಪಕ್ಕದಿಂದ ಫೋಟೋ ಕ್ಯಾಮೆರಾದ ಫ್ಲ್ಯಾಶ್ ಒಂದ್ಸಲ ಹೊಡೀರಿ, ಎಲ್ಲಾ ಕ್ಯಾಮೆರಾಗೂ ಅದು ಒಂದೇ ಹೊತ್ತಿಗೆ ಕಾಣತ್ತೆ, ಆ ಫ್ರೇಮಲ್ಲಿ ಎಮ್ ಒತ್ತಿ ಮಾರ್ಕರ್ ಹಾಕಿ, ಸಿಂಕ್ ಪೆಟ್ಟಿಗೆಲಿ ಸೌಂಡ್ ಬದಲು ಮಾರ್ಕರ್. ನಿಲ್ಲದೆ ಓಡೋ ಕ್ಯಾಮೆರಾಗೆ ಇದು ಸೂಪರ್. ನನ್ನ ಡಿಎಸ್ಎಲ್‌ಆರ್‌ಗೆ ಮೂವತ್ತೊಂದು ಸಲ ಫ್ಲ್ಯಾಶ್ ಹೊಡೆದ್ರೆ ಮೇಳದವರು ನನ್ನನ್ನ ಚೌಕಿಗೆ ಕರ್ಸಿ ಬೈತಾರೆ, ಅದಕ್ಕೆ ನಾನು ಮೊದಲು ಸೌಂಡಲ್ಲೇ ಕೂರಿಸಿ, ಫ್ಲ್ಯಾಶ್ ಇರೋ ಜಾಗದಲ್ಲಿ ಎಷ್ಟು ಫ್ರೇಮ್ ತಪ್ಪಿದೆ ಅಂತ ಮಾತ್ರ ನೋಡ್ಕೊಳ್ತೀನಿ.

ಎರಡನೇ ತೊಂದರೆ ನಿಧಾನ ವಿಷ. ಶುರುವಲ್ಲಿ ಸರಿಯಾಗಿ ಕೂತ ಆಡಿಯೋ ಬೆಳಗಿನ ಜಾವದ ಹೊತ್ತಿಗೆ ಜಾರಿರತ್ತೆ. ಕಾರಣ ಏನಂದ್ರೆ ಕ್ಯಾಮೆರಾದೊಳಗೊಂದು ಗಡಿಯಾರ, ರೆಕಾರ್ಡರ್ ಒಳಗೊಂದು ಗಡಿಯಾರ, ಎರಡೂ ಪೂರ್ತಿ ಒಂದೇ ವೇಗದಲ್ಲಿ ಓಡಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ವ್ಯತ್ಯಾಸ ಅಂದ್ರೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಗಂಟೆಗೆ 72 ಮಿಲಿಸೆಕೆಂಡ್ ಆಯ್ತು, ಅಂದ್ರೆ ಸುಮಾರು ಎರಡು ಫ್ರೇಮು, ಇಡೀ ರಾತ್ರಿಗೆ ಹನ್ನೊಂದು ಹನ್ನೆರಡು. ನನ್ನ ರೆಕಾರ್ಡರ್ 2 ಜಿಬಿಗೊಂದ್ಸಲ ಫೈಲ್ ಮುರಿಯತ್ತೆ, ನಮ್ಮ ಸೆಟ್ಟಿಂಗಲ್ಲಿ ಎರಡು ಗಂಟೆ ಚಿಲ್ಲರೆಗೆ ಒಂದು, ಆ ರಾತ್ರಿಗೆ ನಾಲ್ಕು ಫೈಲು. ನಾನು ನೀಟಾಗಿರ್ಲಿ ಅಂತ ನಾಲ್ಕನ್ನೂ ಮೊದಲೇ ಸೇರಿಸಿ ಒಂದು ಮಾಡಿದೆ, ಆಮೇಲೆ ಸಿಂಕ್ ಮಾಡಿದೆ, ಮಂಗಳ ಹಾಡೋ ಹೊತ್ತಿಗೆ ಭಾಗವತರ ಬಾಯಿಗೂ ದನಿಗೂ ಒಂಬತ್ತು ಫ್ರೇಮ್ ವ್ಯತ್ಯಾಸ, ಡಬ್ಬಿಂಗ್ ಸಿನಿಮಾ ಥರ. ಮಾಡಬಾರದ ಕೆಲಸ. ಮುರಿದ ಫೈಲ್ ಮುರಿದ ಹಾಗೇ ಕೊಡಿ, ಒಂದೊಂದನ್ನೂ ಹೊಸದಾಗಿ ಕೂರಿಸತ್ತೆ, ಜಾರಿದ್ದು ಅಲ್ಲಲ್ಲೇ ಸರಿ ಆಗತ್ತೆ. ತಮಾಷೆ ಏನಂದ್ರೆ ನಾನು ವರ್ಷಗಟ್ಟಲೆ ಬೈದ ಹನ್ನೆರಡು ನಿಮಿಷದ ಡಿಎಸ್ಎಲ್‌ಆರ್ ಇಡೀ ರಾತ್ರಿಲಿ ಒಂದು ಫ್ರೇಮೂ ಜಾರಿರಲಿಲ್ಲ. ಇನ್ನೂ ಉಳಿದ ಒಂದೆರಡು ಫ್ರೇಮಿಗೆ ಪದ್ಯ ಮುಗಿದು ಮಾತು ಶುರುವಾಗೋ ಸಂದಿಲಿ ಆಡಿಯೋ ಕತ್ತರಿಸಿ ಕೈಯಲ್ಲೇ ಸರಿಸಿಬಿಡ್ತೀನಿ, ಅಲ್ಲಿ ಯಾರಿಗೂ ಗೊತ್ತಾಗಲ್ಲ.

ಮೊಬೈಲು ಮಾತ್ರ ಇದಕ್ಕೆಲ್ಲ ದೊಡ್ಡಪ್ಪ. ಮೊಬೈಲಿನವು ಫ್ರೇಮ್ ರೇಟ್ ಒಂದೇ ಸಮ ಇಡಲ್ಲ, ಬೆಳಕು ಕಮ್ಮಿ ಆದ್ರೆ 30 ಇದ್ದದ್ದು 27, 24 ಹಿಂಗೆ ಓಲಾಡತ್ತೆ, ಚೌಕಿಯ ಒಂದೇ ಬಲ್ಬಿನ ಬೆಳಕಲ್ಲಂತೂ ಕೇಳೋದೇ ಬೇಡ. ಶುರುವಲ್ಲಿ ಸಿಂಕ್ ಆಗತ್ತೆ, ಐದು ನಿಮಿಷಕ್ಕೆ ತಪ್ಪತ್ತೆ, ಆಮೇಲೆ ಮತ್ತೆ ಸರಿ ಇದ್ದ ಹಾಗೆ ಕಾಣತ್ತೆ, ತಲೆ ಕೆಡತ್ತೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕನ್ವರ್ಟರಲ್ಲಿ ಹಾಕಿ ಕಾನ್ಸ್ಟಂಟ್ ಫ್ರೇಮ್‌ರೇಟ್ ಅಂತ ಆರಿಸಿ ಬೇರೆ ಫೈಲ್ ಮಾಡ್ಕೊಂಡು ಆಮೇಲೆ ತನ್ನಿ. ಅದಕ್ಕಿಂತ ಒಳ್ಳೇದು ಶೂಟ್ ಮಾಡುವಾಗ್ಲೇ 25ಕ್ಕೆ ಕಟ್ಟಿಹಾಕೋದು. ಇದೇ ಕಂಪನಿಯ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನೋ ಆ್ಯಪ್ ಫ್ರೀ ಇದೆ, ಐಫೋನಿಗೆ 2023ರಲ್ಲಿ ಬಂತು, ಆಂಡ್ರಾಯ್ಡಿಗೆ 2024ರಲ್ಲಿ, ಆದ್ರೆ ಎಲ್ಲಾ ಆಂಡ್ರಾಯ್ಡಿಗೂ ಸಿಗಲ್ಲ. ಐಫೋನ್ ಇದ್ದೋರು ಸೆಟ್ಟಿಂಗ್ಸಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನೋದನ್ನ ಆನ್ ಮಾಡಿದ್ರೆ ಮಾಮೂಲಿ ಕ್ಯಾಮೆರಾದಲ್ಲೇ 25 ಸಿಗತ್ತೆ. 25 ಯಾಕೆ ಅಂದ್ರೆ ನಮ್ಮ ಕರೆಂಟು 50 ಹರ್ಟ್ಸು, ಶಟರ್ 50ನೇ ಒಂದಕ್ಕೆ ಇಟ್ರೆ ಟ್ಯೂಬ್‌ಲೈಟ್ ಮಿಣಮಿಣ ಅನ್ನಲ್ಲ.

ಹಂಗೇ ಫ್ರೇಮ್ ರೇಟ್ ಮಾತು ಬಂತಲ್ಲ, ರಿಸಾಲ್ವ್ ಹೊಸ ಪ್ರಾಜೆಕ್ಟ್ ತೆರೆದ್ರೆ ಅದರ ಪಾಡಿಗೆ 24 ಇರತ್ತೆ. ಮೊದಲ ಕ್ಲಿಪ್ ತರುವಾಗ ಬದಲಾಯಿಸಲಾ ಅಂತ ಕೇಳತ್ತೆ, ಆಗ ಹೂಂ ಅನ್ನಿ. ನಾನು ಓದದೇ ಬೇಡ ಅಂತ ಒತ್ತಿದೆ, ಒಂದ್ಸಲ ಕ್ಲಿಪ್ ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಆ ನಂಬರ್ ಬದಲಾಯಿಸೋಕೆ ಬಿಡಲ್ಲ. ಹೊಸ ಪ್ರಾಜೆಕ್ಟ್ ಮಾಡಿ ಮತ್ತೆ ಮೊದಲಿಂದ.

ಮದುವೆಗೆ ಬಳಸೋರಿಗೆ ಸ್ವಲ್ಪ ಹೇಳಿಬಿಡ್ತೀನಿ. ಛತ್ರದಲ್ಲಿ ಸುತ್ತಲೂ ಸ್ಪೀಕರ್ ಇರೋದ್ರಿಂದ ದೂರದ ತಲೆನೋವು ಇಲ್ಲ. ವಾಲಗದವರು ಗಟ್ಟಿಮೇಳ ಹಿಡಿದಾಗ ಕ್ಯಾಮೆರಾ ಮೈಕೆಲ್ಲ ಒಡೆದು ವೇವ್‌ಫಾರ್ಮ್ ಇಟ್ಟಿಗೆ ಥರ ಕಾಣತ್ತೆ, ಆದ್ರೂ ಕ್ಲಿಪ್ ಉದ್ದ ಇದ್ರೆ ಸಿಂಕ್ ಆಗತ್ತೆ. ಹತ್ತು ಸೆಕೆಂಡಿನ ತುಂಡುಗಳನ್ನ ಕೊಟ್ರೆ ಮಾತ್ರ ಎಲ್ಲೆಲ್ಲೋ ಹೋಗಿ ಕೂತ್ಕೊಳ್ಳತ್ತೆ, ವಾಲಗ ಬಾರಿಸಿದ್ದನ್ನೇ ಬಾರಿಸ್ತಾ ಇರತ್ತಲ್ಲ, ಅದಕ್ಕಾದ್ರೂ ಹೆಂಗೆ ಗೊತ್ತಾಗ್ಬೇಕು. ಡ್ರೋನ್‌ಗಳಲ್ಲಿ ಹೆಚ್ಚಿನವು ಆಡಿಯೋನೇ ರೆಕಾರ್ಡ್ ಮಾಡಲ್ಲ, ಅದನ್ನ ಮಲ್ಟಿಕ್ಯಾಮಿಗೆ ಸೇರಿಸೋ ಹಠ ಬಿಡಿ, ದಿಬ್ಬಣ ಬರೋ ಕಡೆ ಸುಮ್ನೆ ಮೇಲೆ ಇಟ್ಟುಬಿಡಿ. ಇನ್ನು ತೀರ್ಥಹಳ್ಳಿಲಿ ಒಂದು ಮದುವೆಗೆ ಬಾಡಿಗೆಗೆ ತಂದ ಕ್ಯಾಮೆರಾದಲ್ಲಿ ಯಾರೋ ಆಡಿಯೋ ರೆಕಾರ್ಡಿಂಗ್ ಆಫ್ ಮಾಡಿಟ್ಟಿದ್ರು, ನಾವೂ ನೋಡಿಲ್ಲ, ಧಾರೆ ಪೂರ್ತಿ ಮೂಕಿ. ಅಕ್ಷತೆ ಮೊದಲ ಕಾಳು ಮದುಮಗನ ಪೇಟಕ್ಕೆ ತಾಗೋ ಫ್ರೇಮ್ ಹುಡುಕಿ ಹುಡುಕಿ ಕೈಯಲ್ಲೇ ಸಿಂಕ್ ಮಾಡಿದ್ದು. ಈಗ ಕ್ಯಾಮೆರಾ ಕೈಗೆ ಬಂದ ತಕ್ಷಣ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಇಯರ್‌ಫೋನಲ್ಲಿ ಕೇಳ್ದೇ ಹಣ ಕೊಡಲ್ಲ.

ಸಿಂಕ್ ಆದ ಮೇಲೆ ಕಟ್ ಮಾಡೋದು ಮಜಾ. ವ್ಯೂವರಲ್ಲಿ ಮಲ್ಟಿಕ್ಯಾಮ್ ಅಂತ ಇಟ್ರೆ ನಾಲ್ಕೂ ಕ್ಯಾಮೆರಾ ಚೌಕಚೌಕವಾಗಿ ಒಟ್ಟಿಗೆ ಓಡತ್ತೆ, ನೀವು ಆಟ ನೋಡ್ತಾ ನೋಡ್ತಾ 1, 2, 3, 4 ಒತ್ತೋದು, ಒತ್ತಿದ ಕಡೆ ಕಟ್. ಒತ್ತಿದ್ದು ತಪ್ಪಾದ್ರೆ ಆಲ್ಟ್ ಹಿಡಿದು ನಂಬರ್ ಒತ್ತಿ, ಕಟ್ ಅಲ್ಲೇ ಇದ್ದು ಕ್ಯಾಮೆರಾ ಮಾತ್ರ ಬದಲಾಗತ್ತೆ. ಕಟ್ ಶುರು ಮಾಡೋ ಮುಂಚೆ ವಿಡಿಯೋ ಮಾತ್ರ ಬದಲಾಗ್ಲಿ ಅನ್ನೋ ಬಟನ್ ಒತ್ತಿರ್ಬೇಕು, ಇಲ್ದಿದ್ರೆ ಮೂರು ಒತ್ತಿದ ತಕ್ಷಣ ಭಾಗವತರ ದನಿ ಹೋಗಿ ಮಿರ್ಚಿ ಎಣ್ಣೆ ಸದ್ದು ಬರತ್ತೆ. ನನ್ನ ಲ್ಯಾಪ್‌ಟಾಪ್ 16 ಜಿಬಿ ರ‍್ಯಾಮಿಂದು, ನಾಲ್ಕು ಒಟ್ಟಿಗೆ ಓಡ್ಸಿದ್ರೆ ತಡವರಿಸತ್ತೆ, ರಾತ್ರಿ ಪ್ರಾಕ್ಸಿ (ಕ್ಲಿಪ್ಪಿನ ಹಗುರ ನಕಲು) ಮಾಡೋಕೆ ಬಿಟ್ಟು ಮಲಗಿದ್ರೆ ಬೆಳಿಗ್ಗೆ ಬೆಣ್ಣೆ ಥರ ಓಡತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಲ್ಯಾಪ್‌ಟಾಪ್ ಚಾರ್ಜ್ ನೋಡ್ಕೊಂಡು ಬಿಡಿ.

ಫ್ರೀ ವರ್ಷನ್ನಿನ ಮಿತಿ ಗೊತ್ತಿರ್ಬೇಕು. 4ಕೆ ಯುಎಚ್‌ಡಿಗಿಂತ ದೊಡ್ಡದು ಎಕ್ಸ್‌ಪೋರ್ಟ್ ಆಗಲ್ಲ, ನಮಗೆ ಬೇಕಾಗೂ ಇಲ್ಲ. ವಿಂಡೋಸಲ್ಲಿ ಹೊಸ ಕ್ಯಾಮೆರಾಗಳ 10 ಬಿಟ್ 4:2:2 ಎಚ್.264, ಎಚ್.265 ಫೈಲಿಗೆ ಸ್ಟುಡಿಯೋನೇ ಬೇಕು, ಅದಕ್ಕೆ ನಾವು 8 ಬಿಟ್ಟಲ್ಲೇ ಶೂಟ್ ಮಾಡೋದು. ಲಿನಕ್ಸಲ್ಲಿ ಫ್ರೀದು ಎಚ್.264ನ್ನೇ ತಗೊಳ್ಳಲ್ಲ, ಆ ಕಡೆಯವರಿಗೆ ಕೆಡೆನ್‌ಲೈವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಇದೆ, ಅದರಲ್ಲೂ ಒಂದು ಆಡಿಯೋನ ರೆಫರೆನ್ಸ್ ಇಟ್ಟು ಉಳಿದದ್ದನ್ನ ಹೊಂದಿಸಬಹುದು. 20ನೇ ವರ್ಷನ್ನಲ್ಲಿ ಮಾತಾಡೋರನ್ನ ನೋಡಿ ತಾನೇ ಕ್ಯಾಮೆರಾ ಬದಲಿಸೋ ಸ್ಮಾರ್ಟ್‌ಸ್ವಿಚ್ ಅಂತ ಬಂದಿದೆ, ಅದೂ ಸ್ಟುಡಿಯೋಗೆ ಮಾತ್ರ. ನಮ್ಮ ಆಟದಲ್ಲಿ ಹಾಡೋರು ಒಬ್ಬರು, ಕುಣಿಯೋರು ಇನ್ನೊಬ್ಬರು, ಅದು ಯಾರನ್ನ ತೋರ್ಸಬೇಕು ಪಾಪ. ದುಡ್ಡಿದ್ದೋರು ಟೆಂಟಕಲ್, ಡೈಟಿ ಥರದ ಟೈಮ್‌ಕೋಡ್ ಡಬ್ಬಿ ಒಂದೊಂದು ಕ್ಯಾಮೆರಾಗೂ ಸಿಕ್ಕಿಸ್ಕೊಳ್ಳಿ, ಎಲ್ಲಕ್ಕೂ ಒಂದೇ ಗಡಿಯಾರ ಆದ್ರೆ ಗದ್ದೆ ಎಷ್ಟು ಉದ್ದ ಇದ್ರೂ ಚಿಂತೆ ಇಲ್ಲ. ನಾಲ್ಕು ಕ್ಯಾಮೆರಾಗೆ ನಾಲ್ಕು ಡಬ್ಬಿ, ಅಷ್ಟರಲ್ಲಿ ನಾನು ಇನ್ನೊಂದು ಕ್ಯಾಮೆರಾನೇ ತರ್ತೀನಿ.

ಸ್ಟಾರ್ ಕೊಡು ಅಂದ್ರೆ ಐದಕ್ಕೆ ನಾಲ್ಕೂವರೆ. ಆ ಅರ್ಧ ಕಮ್ಮಿ ಯಾಕಂದ್ರೆ ಸಿಂಕ್ ಪೆಟ್ಟಿಗೆಲೇ ಈ ಕ್ಯಾಮೆರಾ ಇಷ್ಟು ಫ್ರೇಮ್ ದೂರ ಅಂತ ಬರೆಯೋಕೆ ಒಂದು ಜಾಗ ಇದ್ದಿದ್ರೆ ಚೆನ್ನಾಗಿತ್ತು. ಸರಿ ಮಾಡಿದ ಆಟನ ಅಪ್ಪಯ್ಯನಿಗೆ ಮತ್ತೆ ಹಾಕಿಕೊಟ್ಟೆ, ಮಂಡಿ ಹಾಕೋ ಜಾಗ ಬಂದಾಗ ಬೆರಳು ನಿಲ್ಲಲಿಲ್ಲ, ಒಂದು ಮಾತೂ ಆಡಲಿಲ್ಲ. ಭಾವ ಈಗ ಓಮ್ನಿಲಿ ಒಂದು ಟೇಪು ಇಟ್ಕೊಂಡಿದಾನೆ, ಗದ್ದೆ ಅಳೆಯೋದು. ಮುಂದಿನ ಆಟಕ್ಕೆ ಅಟ್ಟಣಿಗೆನ ಇಪ್ಪತ್ತೆಂಟು ಮೀಟರಿಗೆ ಕಟ್ತೀವಿ, ಸರಿಯಾಗಿ ಎರಡು ಫುಲ್‌ಸ್ಟಾಪು.